ಇನ್ನೂ ಬಾಯಿಗೂಡಿಲ್ಲ

ಕಳೆದ ವಾರ ಹಡಗಲಿಯಿಂದ ಬರುವ ಬಸ್ಸಿನಲ್ಲಿ ನನ್ನ ಒಂದು ಮಗ್ಗುಲಿಗೆ ಮಲ್ಲಿಗೆಯ ಬುಟ್ಟಿ, ಇನ್ನೊಂದು ಮಗ್ಗುಲಿಗೆ ಯಾರದೋ ನೆನೆದ ಕಂಬಳಿ. ಎರಡೂ ವಾಸನೆಗಳು ಸ್ವಲ್ಪ ದೂರ ಸೆಣಸಾಡಿದವು. ಕಂಬಳಿ ಗೆದ್ದಿತು. ಆ ಕುರಿಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕೊಟ್ಟೂರಿನ ನಮ್ಮ ಪಕ್ಕದ ಮನೆಯವರು ಬಂದು ಎದುರಿಗೆ ಕೂತಂತಾಯಿತು. ಅವರು ಕುರಿ ದಲ್ಲಾಳಿ. ಸಂತೆಯಿಲ್ಲದ ದಿನವೂ ಅವರಿಗಿಂತ ಮೊದಲು ಅವರ ವಾಸನೆ ನಮ್ಮ ಪಡಸಾಲೆಗೆ ಬಂದು ಕೂರುತ್ತಿತ್ತು...

ಆಗ ಸಂಜೆಯ ಹೊತ್ತು ಮೈದಾನದ ಬ್ಯಾಸ್ಕೆಟ್‌ಬಾಲ್ ಅಂಕಣದ ಕಟ್ಟೆಯ ಮೇಲೆ ನಮ್ಮ ಅಧಿವೇಶನ ಸೇರುತ್ತಿತ್ತು. ಕ್ಷೌರದಂಗಡಿಯವರು, ಒಬ್ಬ ಬಸ್ ಕಂಡಕ್ಟರ್, ಮೇಷ್ಟ್ರಾದ ನಾನು, ಮತ್ತು ಇವರು. ಈ ಘನ ಸಭೆಯಲ್ಲಿ ಯಾರೂ ಜನ್ಮದಲ್ಲಿ ಒಂದು ಚೆಂಡನ್ನು ಬುಟ್ಟಿಗೆ ಹಾಕಿದವರಲ್ಲ. ಹೀಗಾಗಿ ಅಭಿಪ್ರಾಯಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಆ ವರ್ಷ ಚರ್ಚೆಯ ವಿಷಯ ಒಂದೇ: ಆ ಅಂಕಣದಲ್ಲಿ ದಿನವೂ ಆಡುತ್ತಿದ್ದ ಲಾರಿ ಮೆಕ್ಯಾನಿಕ್ ಭಾಯಿಯ ಮಗಳು ಮುಂದೆ ಎಲ್ಲಿಯವರೆಗೆ ಹೋದಾಳು?

"ಗಿಡ್ಡಿ ಅದಾಳ್ರಿ. ಈ ಆಟಕ್ಕ ಉದ್ದ ಬೇಕು," ಎಂದು ಕ್ಷೌರದಂಗಡಿಯವರು ಷರಾ ಬರೆದರು.

"ಊರಾಗ ಚಲೋ ಆಡ್ತಾಳ, ಖರೆ. ಹೊರಗ ಹೋದ್ರ ಸೀಟು ಸಿಗಂಗಿಲ್ಲ," ಎಂದ ಕಂಡಕ್ಟರ್.

ನಮ್ಮ ದಲ್ಲಾಳಿಯವರು ಮಾತ್ರ ಹುಡುಗಿಯ ಮೊಣಕಾಲನ್ನೇ ನೋಡುತ್ತಿದ್ದರು. "ಹಾರಿ ಇಳದ್ರ ಸಪ್ಪಳ ಬರಂಗಿಲ್ಲ ನೋಡ್ರಲೇ. ಆಕಿಗೆ ಇನ್ನೂ ಬಾಯಿಗೂಡಿಲ್ಲ."

ಕುರಿಗೆ ಹಲ್ಲೆಲ್ಲ ಬಂದು ಬೆಳವಣಿಗೆ ನಿಂತರೆ ಬಾಯಿಗೂಡಿತು ಎನ್ನುತ್ತಾರೆ. ಕೂಡಿಲ್ಲ ಎಂದರೆ ಇನ್ನೂ ಬೆಳೆಯುವುದಿದೆ ಎಂದರ್ಥ.

"ಹುಡುಗಿ ರೀ ಆಕಿ, ಟಗರಲ್ಲ!" ಎಂದು ಸಭೆ ನಕ್ಕಿತು. ನಗಲು ಕಾರಣವೂ ಇತ್ತು. ಅವರೇ ಹಾಡಿ ಹೊಗಳಿ ಕೊಡಿಸಿದ ಟಗರೊಂದು ಕಾಳಗದ ಕಣದಲ್ಲಿ ಎದುರಾಳಿಯನ್ನು ಒಮ್ಮೆ ನೋಡಿ, ಕಾಲು ಮಡಚಿ ಮಲಗಿಬಿಟ್ಟಿತ್ತು.

ಅಷ್ಟರಲ್ಲಿ ಹುಡುಗಿಗೆ ಕ್ರೀಡಾ ಹಾಸ್ಟೆಲಿನಿಂದ ಕರೆ ಬಂತು. ಮರುದಿನವೇ ಹೋಗಿ ಸೇರಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಭಾಯಿ ಗ್ರೀಸಿನ ಕೈಯಲ್ಲೇ ಕಟ್ಟೆಗೆ ಬಂದು ಕೂತರು.

"ಕಳಸಂಗಿಲ್ರಿ. ಒಬ್ಬಾಕಿ ಮಗಳು. ಮುಂದ ಬರಂಗಿಲ್ಲ ಅಂತ ನೀವ ಹೇಳ್ತೀರಿ. ಮತ್ತ್ಯಾಕ ಅಷ್ಟು ದೂರ?"

ನಮ್ಮ ಠರಾವುಗಳನ್ನು ಯಾರಾದರೂ ಜಾರಿಗೆ ತಂದಾರು ಎಂದು ನಾವು ಎಣಿಸಿರಲೇ ಇಲ್ಲ. ಅಂಕಣದಲ್ಲಿ ಹುಡುಗಿ ಚೆಂಡನ್ನು ಬಗಲಲ್ಲಿಟ್ಟುಕೊಂಡು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು.

ದಲ್ಲಾಳಿಯವರು ಹೆಗಲ ಮೇಲಿನ ಟವಲು ತೆಗೆದರು. ಭಾಯಿಯ ಬಲಗೈಯನ್ನು ಹಿಡಿದು ಅದರ ಮೇಲೆ ಹೊದಿಸಿದರು. ಸಂತೆಯಲ್ಲಿ ಬೆಲೆ ಬಾಯಿಂದ ಆಡುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದೇ ಮಾತು. ಒಮ್ಮೆ ಕುದುರಿತೆಂದರೆ ಹಿಂದೆ ಸರಿಯುವಂತಿಲ್ಲ. ಭಾಯಿಯ ತಂದೆ ಚರ್ಮದ ವ್ಯಾಪಾರ ಮಾಡಿದವರು. ಆ ಕಾಯಿದೆ ಅವರಿಗೂ ಗೊತ್ತು. ಇಬ್ಬರೂ ಎಷ್ಟೋ ಹೊತ್ತು ಹಾಗೇ ಕೂತರು. ನಾವು ಟವಲನ್ನೇ ನೋಡಿದೆವು. ಬೆರಳು ಆಡಿದ ಗುರುತು ಕಾಣಲಿಲ್ಲ.

"ಆತ್ರಿ," ಎಂದರು ಭಾಯಿ. "ನಾಳಿಗೆ ಹೋಗ್ಲಿ."

ಎಷ್ಟಕ್ಕೆ ಕುದುರಿತು ಎಂದು ನಾವು ಕೇಳಿದೆವು. ದಲ್ಲಾಳಿಯವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ವ್ಯಾಪಾರದ ಗುಟ್ಟು ಕೇಳಬಾರ್ದು ಮೇಷ್ಟ್ರ," ಎಂದು ಎದ್ದರು.

ಕೆಲ ವರ್ಷಗಳ ಮೇಲೆ ದಾವಣಗೆರೆಯಲ್ಲಿ ರಾಜ್ಯಮಟ್ಟದ ಫೈನಲ್. ಹುಡುಗಿ ಆಗ ನಮ್ಮ ಜಿಲ್ಲೆಯ ತಂಡದ ನಾಯಕಿ. ಇಡೀ ಅಧಿವೇಶನ ಕಂಡಕ್ಟರನ ಬಸ್ಸಿನಲ್ಲೇ ಅಲ್ಲಿಗೆ ಸ್ಥಳಾಂತರಗೊಂಡಿತು. ದೂರದಿಂದ ಹಾಕಿದ ಚೆಂಡಿಗೆ ಅಂಕ ಹೆಚ್ಚು ಎಂದು ತಿಳಿಸಿದಾಗ ದಲ್ಲಾಳಿಯವರು, "ಸಾಗಾಣಿಕಿ ಖರ್ಚು ಸೇರಿಸ್ಯಾರ, ನ್ಯಾಯ ಐತಿ," ಎಂದು ಒಪ್ಪಿಗೆ ಕೊಟ್ಟರು.

ವಿರಾಮದಲ್ಲಿ ಭಾಯಿಯನ್ನು ಮೆಲ್ಲಗೆ ಕೇಳಿದೆ: "ಅವತ್ತು ಯಾವ ಬೆರಳು ಹಿಡದ್ರು?"

"ಯಾವ್ದೂ ಇಲ್ರಿ. ನನ್ನ ಕೈ ನಡುಗ್ತಿತ್ತು. ಅದು ನಿಲ್ಲೋತನಕ ಹಿಡಕಂಡು ಕುಂತ್ರು, ಅಷ್ಟ."

ಆಟ ಮುಗಿಯಲು ಒಂದು ಉಸಿರಿನಷ್ಟು ಹೊತ್ತಿತ್ತು, ನಾವು ಒಂದು ಅಂಕ ಹಿಂದೆ. ತನಗಿಂತ ಒಂದು ಮೊಳ ಎತ್ತರದ ಇಬ್ಬರ ನಡುವೆ ನಮ್ಮ ಗಿಡ್ಡಿ ಹೇಗೆ ನುಸುಳಿದಳೋ, ಎಲ್ಲಿಂದ ಹಾರಿದಳೋ! ಚೆಂಡು ಬುಟ್ಟಿಯ ಅಂಚಿನಲ್ಲಿ ಒಂದು ಸುತ್ತು ಯೋಚಿಸಿ ಒಳಗೆ ಬಿತ್ತು. ಕ್ಷೌರದಂಗಡಿಯವರು ಕಂಡಕ್ಟರನನ್ನು ಎತ್ತಿಕೊಂಡು ಕುಣಿದರು. ಭಾಯಿ ಅಳುತ್ತಿದ್ದರು. ದಲ್ಲಾಳಿಯವರು ಕುರ್ಚಿಯ ಮೇಲೆ ನಿಂತು ಕ್ರೀಡಾಂಗಣವೆಲ್ಲ ತಿರುಗಿ ನೋಡುವಂತೆ ಕೂಗಿದರು: "ಇನ್ನೂ ಬಾಯಿಗೂಡಿಲ್ಲಲೇ! ಆಕಿಗೆ ಇನ್ನೂ ಬಾಯಿಗೂಡಿಲ್ಲ!"

ದಲ್ಲಾಳಿಯವರು ತೀರಿಕೊಂಡು ವರ್ಷ ದಾಟಿತು... ಕಳೆದ ವಾರ ಆ ಬಸ್ಸಿನಿಂದಿಳಿದು ನಮ್ಮ ಓಣಿಗೆ ಬಂದರೆ ಪಟಾಕಿ, ಪೇಡೆ. ಹುಡುಗಿ ದೇಶದ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಕಾಲು ತನ್ನಷ್ಟಕ್ಕೆ ಪಕ್ಕದ ಮನೆಯ ಮೆಟ್ಟಿಲು ಹತ್ತಿತು. ಬಾಗಿಲು ಬಡಿಯಲು ಕೈ ಎತ್ತಿದ ಮೇಲೆ ಅವರಿಲ್ಲವೆಂಬುದು ನೆನಪಾಯಿತು. ಮರಳಬೇಕೆನ್ನುವಷ್ಟರಲ್ಲಿ ಅವರ ಹೆಂಡತಿ ಬಾಗಿಲು ತೆರೆದರು.

"ಸುದ್ದಿ ಹೇಳಾಕ ಬಂದೀರೇನ್ರಿ?" ಎಂದರು. "ಬಂದೀರಿ, ಹೇಳೇ ಹೋಗ್ರಿ."

ಕೊನೆಯ ದಿನಗಳಲ್ಲಿ ದಲ್ಲಾಳಿಯವರಿಗೆ ಕಿವಿ ಮಂದವಾಗಿತ್ತು. ಅದೇ ಅಭ್ಯಾಸದಲ್ಲಿ, ಓಣಿಗೆಲ್ಲ ಕೇಳುವಂತೆ, ಗಟ್ಟಿಯಾಗಿ ಹೇಳಿದೆ.