ಅಕ್ಕ ಹಾಕಿಕೊಂಡ ಎರಡು ಕನ್ನಡಕ

ಅಕ್ಕನಿಗೆ ಪಾರ್ಕಿನ್ಸನ್ ಇದೆ ಎಂದು ಡಾಕ್ಟರು ಹೇಳಿದಾಗ, ಕೈ ನಡುಗುವ ಕಾಯಿಲೆ ಎಂಬುದಷ್ಟೇ ನಮಗೆ ಗೊತ್ತಿತ್ತು. ನಡೆಯುತ್ತ ನಡೆಯುತ್ತಲೇ ಕಾಲು ನಿಂತುಬಿಡುತ್ತದೆ ಎಂಬುದು ಗೊತ್ತಿರಲಿಲ್ಲ. ಅವಳು ಔರಾದಿನ ಶಾಲೆಯೊಂದರಲ್ಲಿ ಕನ್ನಡ, ಮರಾಠಿ ಎರಡನ್ನೂ ಕಲಿಸಿ ನಿವೃತ್ತಳಾದವಳು. ಚಿಕ್ಕಂದಿನಿಂದಲೂ ಅವಳ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕಲು ನನ್ನಿಂದ ಆಗುತ್ತಿರಲಿಲ್ಲ. ಅಂಥವಳು ಈಗ ಅಡುಗೆಮನೆಯ ಬಾಗಿಲ ತನಕ ಚೆನ್ನಾಗಿಯೇ ಬರುವಳು, ಅಲ್ಲಿ ನಿಂತುಬಿಡುವಳು. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಏಳುತ್ತಿರಲಿಲ್ಲ.

“ಬಾಗ್ಲ ಕಂಡ ಕೂಡ್ಲೇ ಕಾಲು ನೆಲಕ್ಕ ಅಂಟ್ಕೋತಾವ. ಮನಸ್ಸು ಒಳಗ ಹೋಗಿರ್ತದ, ನಾ ಇಲ್ಲೇ ಇರ್ತೇನಿ,” ಎಂದು ಒಮ್ಮೆ ನನಗೆ ಹೇಳಿದಳು.

ನಾನಿರುವುದು ಭಾಲ್ಕಿಯಲ್ಲಿ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಊರಿನ ಒಂದು ಮದುವೆಗೆ ಅವಳು ಬಂದಾಗ ಮಂಟಪದ ಬಾಗಿಲಲ್ಲೇ ಹೀಗಾಯಿತು. ಹಿಂದಿನವರು “ಸರೀರಿ ಸ್ವಲ್ಪ, ದಾರಿ ಬಿಡ್ರಿ” ಎನ್ನತೊಡಗಿದರು. ನಾನು ಕೈ ಹಿಡಿದು ಎಳೆದೆ, ಅವಳು ಬೀಳುವುದರಲ್ಲಿದ್ದಳು. ಆಮೇಲೆ ಅವಳು ಎಲ್ಲಿಗೂ ಬರುವುದನ್ನೇ ಬಿಟ್ಟಳು.

ಬೀದರಿನ ನೌಬಾದಿನಲ್ಲಿ ಫಿಜಿಯೋಥೆರಪಿ ಮಾಡುವ ಒಬ್ಬ ಹೆಣ್ಣುಮಗಳಿದ್ದಾಳೆ ಎಂದು ಕೇಳಿ, ಭಾವ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದರು. ನಾನು ಭಾಲ್ಕಿಯಿಂದ ಬಸ್ಸಿನಲ್ಲಿ ಬೀದರಿಗೆ ಹೋಗಿ ಸೇರಿಕೊಳ್ಳುತ್ತಿದ್ದೆ. ಆ ಹೆಣ್ಣುಮಗಳು ಮನೆಯವರೊಂದಿಗೆ ಫೋನಿನಲ್ಲಿ ದಖನಿ ಉರ್ದು ಮಾತಾಡುತ್ತಿದ್ದಳು, ನಮ್ಮೊಂದಿಗೆ ಕನ್ನಡ. ಅಕ್ಕನಿಗೆ ಅಮ್ಮಾ ಎನ್ನುತ್ತಿದ್ದಳು. ಕೆಲವು ವಾರದ ವ್ಯಾಯಾಮದ ನಂತರ ಒಂದು ದಿನ ಕಪ್ಪು ಡಬ್ಬಿಯಂಥ ಕನ್ನಡಕವೊಂದನ್ನು ತಂದು, “ಇವತ್ತ ಕುಂತಲ್ಲೇ ತಿರುಗಾಡಿ ಬರೋಣ್ರಿ ಅಮ್ಮಾ,” ಎಂದು ಅಕ್ಕನ ಕಣ್ಣಿಗೆ ಕಟ್ಟಿದಳು.

ಅಕ್ಕ ಆ ಕಡೆ ಈ ಕಡೆ ತಲೆ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಸಮುದ್ರ ಅದ. ನೀರು ಕಾಲ್ ತನಾ ಬರ್ಲತ್ತದ.”

ಅವಳು ಜೀವನದಲ್ಲಿ ಸಮುದ್ರ ನೋಡಿರಲಿಲ್ಲ. ಅಲೆ ಬಂದಾಗಲೆಲ್ಲ ಕುರ್ಚಿಯಲ್ಲೇ ಒಂದೊಂದು ಪಾದ ಎತ್ತಿ ಇಡುತ್ತಿದ್ದಳು. ಮುಖದ ಮೇಲೆ ಎಷ್ಟೋ ದಿನದಿಂದ ಕಾಣದ ನಗು. ನೋಡುತ್ತಿದ್ದ ಹಾಗೇ ಅವಳ ಬಲಗೈ ಗಾಳಿಯಲ್ಲಿ ತಡಕಾಡಿತು.

“ನೀ ಎಲ್ಲಿದ್ದಿ?”

“ಇಲ್ಲೇ ಬಾಜೂಕ್ ಇದ್ದೀನಿ ಅಕ್ಕಾ.”

“ಕಾಣವಲ್ಲಿ. ಯಾರೂ ಕಾಣವಲ್ರು.”

ಕೈ ಹಿಡಿದುಕೊಂಡೆ. ಆದರೂ ಗಾಬರಿ ಹೋಗಲಿಲ್ಲ, ಡಬ್ಬಿ ತೆಗೆಸಿದಳು. ಹೊರಡಲು ಎದ್ದವಳು ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ನಿಂತುಬಿಟ್ಟಳು. ಕುರ್ಚಿಯಲ್ಲಿ ಎದ್ದ ಪಾದ ಇಲ್ಲಿ ಏಳಲಿಲ್ಲ.

ಮುಂದಿನ ತಿಂಗಳು ಹೋದಾಗ ಆ ಹೆಣ್ಣುಮಗಳ ಬಳಿ ಬೇರೊಂದು ಕನ್ನಡಕವಿತ್ತು. ಹೈದರಾಬಾದಿನ ಗೆಳತಿಯೊಬ್ಬಳು ಬಳಸಿ ನೋಡಲು ಕೊಟ್ಟಿದ್ದಳಂತೆ. ಅಕ್ಕ ನೋಡಿದ ಕೂಡಲೇ ತಲೆ ಆಡಿಸಿದಳು.

“ಮತ್ತ ಕತ್ತಲಾಗ ಕೂಡಸಬ್ಯಾಡವ್ವ.”

“ಇಲ್ರಿ ಅಮ್ಮಾ, ಇದು ಬ್ಯಾರೆ ಅದರಿ. ಅದು ವರ್ಚುವಲ್ ರಿಯಾಲಿಟಿ. ನಮ್ಮ ಸುತ್ತ ಇರೋದೆಲ್ಲಾ ಮುಚ್ಚಿ ಬ್ಯಾರೆ ಜಾಗಾ ತೋರಸ್ತದ. ಇದಕ್ಕ ಆಗ್ಮೆಂಟೆಡ್ ಅಂತಾರ. ಇದು ಏನೂ ಮುಚ್ಚಂಗಿಲ್ರಿ. ಈ ಖೋಲಿ, ನಿಮ್ಮ ತಂಗಿ, ಎಲ್ಲಾ ಹಂಗೇ ಕಾಣ್ತದ. ನೆಲದ ಮ್ಯಾಲ ಒಂದಷ್ಟು ಗೆರಿ ಮಾತ್ರ ಹೆಚ್ಗಿ ಕಾಣ್ತಾವ.”

ಅಕ್ಕ ಹಾಕಿಕೊಂಡು ಮೊದಲು ನನ್ನ ಕಡೆ ತಿರುಗಿದಳು. “ಹೌದು, ನೀ ಕಾಣ್ತಿ,” ಎಂದಳು. ಆಮೇಲೆ ನೆಲ ನೋಡಿದಳು. “ಹಸರ್ ಗೆರಿ. ಬಾಗ್ಲ ತನಾ ಅವ. ನಿನಗ ಕಾಣ್ತಾವೇನು?”

ನನಗೆ ಬರೀ ಬಿಳಿ ಟೈಲ್ಸು ಕಾಣುತ್ತಿತ್ತು. ಅವಳು ಇಲ್ಲದ ಗೆರೆಯೊಂದನ್ನು ದಾಟುವವಳಂತೆ ಪಾದ ಎತ್ತಿ ಮುಂದಿಟ್ಟಳು. ಇನ್ನೊಂದು ಗೆರೆ, ಇನ್ನೊಂದು ಹೆಜ್ಜೆ. ಬಾಗಿಲು ಬಂತು. ಅವಳು ನಿಲ್ಲದೆ ದಾಟಿ ವರಾಂಡಕ್ಕೆ ಹೋದಳು. ಅಲ್ಲಿ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಭಾವ, ಅವಳು ಒಬ್ಬಳೇ ಬರುವುದನ್ನು ನೋಡಿ ರಸ್ತೆಯ ಕಡೆ ಮುಖ ತಿರುಗಿಸಿಕೊಂಡರು. ತುಸು ಹೊತ್ತು ಆಟೋಗಳನ್ನೇ ನೋಡುತ್ತ ನಿಂತರು.

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಬಿಸಿಲಿಗೆ ಹೋದರೆ ಗೆರೆಗಳು ಕಾಣುತ್ತಿರಲಿಲ್ಲ. ಮೂಗಿನ ಮೇಲೆ ಭಾರ ಎನ್ನುತ್ತಿದ್ದಳು. ಕೆಲವು ದಿನ ಗೆರೆ ಕಂಡರೂ ಕಾಲು ಕೇಳುತ್ತಿರಲಿಲ್ಲ. ಕೊನೆಗೆ ಆ ಕನ್ನಡಕ ಹೈದರಾಬಾದಿಗೆ ವಾಪಸ್ ಹೋಗಬೇಕಾಯಿತು. ನಮಗಿಂತ ಆ ಹೆಣ್ಣುಮಗಳಿಗೇ ಹೆಚ್ಚು ಬೇಸರವಾದಂತಿತ್ತು. ಮನೆಯಲ್ಲಿ ಅಕ್ಕ ನಿಲ್ಲುವ ಕಡೆಯೆಲ್ಲ ನೆಲಕ್ಕೆ ಬಣ್ಣದ ಟೇಪು ಅಂಟಿಸಿ ನೋಡಿ ಎಂದಳು. ಭಾವ ಹಳದಿ ಟೇಪು ತಂದು, ಮಂಡಿಯೂರಿ ಕೂತು, ಅಡುಗೆಮನೆಯಿಂದ ಬಚ್ಚಲಿನ ತನಕ ಗೆರೆ ಹಾಕಿದರು. ಅಕ್ಕ ಹಿಂದೆ ನಿಂತು, ಮಕ್ಕಳ ಪಾಟಿ ನೋಡಿದ ಹಾಗೆ ನೋಡಿ, “ಇದು ಸೊಟ್ಟ ಆಗ್ಯಾದ್ರಿ, ತೆಗ್ದು ಹಚ್ಚರಿ,” ಎಂದು ತಿದ್ದಿಸಿದಳು. ಆ ಗೆರೆಗಳ ಮೇಲೆ ಈಗ ಹೆಚ್ಚಿನ ದಿನ ನಡೆಯುತ್ತಾಳೆ, ಕೆಲವು ದಿನ ಇಲ್ಲ.

ನೌಬಾದಿಗೆ ಹೋದಾಗ ವ್ಯಾಯಾಮ ಮುಗಿದ ಮೇಲೆ ಅವಳೇ ಆ ಕಪ್ಪು ಡಬ್ಬಿ ಕೇಳುತ್ತಾಳೆ. ನನಗೆ ಆಶ್ಚರ್ಯವಾಗಿ, “ಅದ್ರಿಂದ ನಡೀಲಿಕ್ಕ ಏನೂ ಆಗಂಗಿಲ್ಲಲ್ಲ ಅಕ್ಕಾ,” ಎಂದೆ.

“ನಡೀಲಿಕ್ಕ ಯಾರ್ ಕೇಳ್ಯಾರ? ಸುಮ್ಮ ಹೋಗಿ ಬರ್ತೇನಿ. ನೀ ಕೈ ಹಿಡ್ಕೊಂಡಿರು ಸಾಕು.”

ಈ ಸಲ ಪಂಚಮಿಗೆ ಭಾಲ್ಕಿಗೆ ಬಂದಳು, ಆ ಮದುವೆಯ ನಂತರ ಮೊದಲ ಸಲ. ಬಳೆ ತೊಡಿಸಿಕೊಳ್ಳಬೇಕೆಂದಳು, ಪೇಟೆಗೆ ಹೋದೆವು. ಅಂಗಡಿಯ ಮೆಟ್ಟಿಲ ಮುಂದೆ ಕಾಲು ನಿಂತಿತು. ಅಲ್ಲಿ ಟೇಪೂ ಇರಲಿಲ್ಲ, ಕನ್ನಡಕವೂ ಇರಲಿಲ್ಲ. ಕೈ ಹಿಡಿದು ಎಳೆಯಬಾರದು, ನಿಮ್ಮ ಪಾದವನ್ನೇ ಅಡ್ಡ ಇಡಿ ಎಂದು ಆ ಹೆಣ್ಣುಮಗಳು ನನಗೆ ಕಲಿಸಿದ್ದಳು. ಅಕ್ಕನ ತೋಳಿಗೆ ಆಸರೆ ಕೊಟ್ಟು ನನ್ನ ಪಾದವನ್ನು ಅವಳ ಪಾದದ ಮುಂದೆ ಇಟ್ಟೆ. ಅವಳು ಕೆಳಗೆ ನೋಡಿ, ಅದನ್ನು ದಾಟಿ, ಮೆಟ್ಟಿಲು ಹತ್ತಿದಳು.

ಬಳೆಗಾರ್ತಿ ಸ್ಟೂಲು ಸರಿಸಿದಳು. ಅಕ್ಕ ಕೂತು ನಡುಗುವ ಕೈಯನ್ನು ಚಾಚಿದಳು. ಆಕೆ ಅವಸರ ಮಾಡಲಿಲ್ಲ, ಅಕ್ಕನ ಮುಂಗೈಯನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡು ಒಂದೊಂದೇ ಬಳೆ ಏರಿಸತೊಡಗಿದಳು.