ಅತ್ತಿಗೆ ಗ್ರಾಹಕರ ವರ್ತನೆ ಬದಲಾಯಿಸಿದ್ದು

ವ್ಯಾಪಾರಿಗೂ ಗಿರಾಕಿಗೂ ಇರುವ ಸಂಬಂಧದಷ್ಟು ಪವಿತ್ರವಾದದ್ದು ಲೋಕದಲ್ಲಿ ಇನ್ನೊಂದಿಲ್ಲ. ತಿ. ನರಸೀಪುರದ ತರಬೇತಿಯಲ್ಲಿ, ಮೈಸೂರಿನಿಂದ ಬಂದಿದ್ದ ಮಾರ್ಕೆಟಿಂಗ್ ಮೇಷ್ಟ್ರು ಹೀಗೆಂದರು. ಊಟ ಒಂದು ಗಂಟೆಗೆ ಎಂದೂ ಅವರೇ ಹೇಳಿದ್ದರು. ಅದು ಬಂದಾಗ ಮೂರಾಗಿತ್ತು.

ನಾನು ಅಲ್ಲಿಗೆ ಹೋದದ್ದು ಅತ್ತಿಗೆಯ ಜೊತೆಗೆ. ನಂಜನಗೂಡಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ, ಕೊಟ್ಟಿಗೆ, ನಾಲ್ಕು ಹಸು. ಅಣ್ಣ ಹಸು ನೋಡಿಕೊಳ್ಳುತ್ತಾನೆ. ಅತ್ತಿಗೆ ಮೊಸರು ಹೆಪ್ಪು ಹಾಕಿ ಸುತ್ತಿನ ಎರಡು ಬೀದಿಗೆ ವರ್ತನೆ ಕೊಡುತ್ತಾರೆ. ನಮ್ಮ ಮನೆಯೂ ಅದರಲ್ಲೊಂದು. ವರ್ತನೆ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು: ಒಂದು ಮನೆಯವರು ಹಾಲನ್ನೋ ಮೊಸರನ್ನೋ ಹೂವನ್ನೋ ದಿನವೂ ಒಬ್ಬರಲ್ಲೇ ಕೊಳ್ಳುವ ವಾಡಿಕೆ. ಅದಕ್ಕೆ ಕರಾರಿಲ್ಲ, ಸಹಿಯಿಲ್ಲ. ಮದುವೆಗಳು ಮುರಿದದ್ದನ್ನು ನಾನು ಕಂಡಿದ್ದೇನೆ, ವರ್ತನೆ ಮುರಿದದ್ದನ್ನು ಅಲ್ಲಿಯತನಕ ಕಂಡಿರಲಿಲ್ಲ.

ಆ ವರ್ಷ ಬೀದಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಫ್ರಿಜ್ಜಿಟ್ಟುಕೊಂಡು ಒಂದು ಅಂಗಡಿ ತೆರೆಯಿತು. ಪ್ಯಾಕೆಟ್ ಮೊಸರು ಬಂತು. ಎರಡು ಮನೆಯವರು ಸದ್ದಿಲ್ಲದೆ ಅತ್ತ ಸರಿದರು. ಇನ್ನೆರಡು ಮನೆ ಹೋದರೆ ಒಂದು ಹಸುವನ್ನು ಸಂತೆಗೆ ಹೊಡೆಯಬೇಕಾಗುತ್ತದೆ ಎಂದ ಅಣ್ಣ. ಹೀಗಾಗಿ, ಸ್ವಸಹಾಯ ಸಂಘದವರು ತರಬೇತಿ ಎಂದ ಕೂಡಲೇ ಅತ್ತಿಗೆ ಹೊರಟುಬಿಟ್ಟರು. ಇಂಗ್ಲಿಷು ಬಂದರೆ ಇರಲಿ ಎಂದು ತಾಲ್ಲೂಕು ಕಚೇರಿಯಿಂದ ನಿವೃತ್ತನಾದ ನನ್ನನ್ನೂ ಹೊರಡಿಸಿದರು. ಹುಲ್ಲಹಳ್ಳಿಯಿಂದ ಬಸ್ಸಿನಲ್ಲಿ ಕ್ಯಾನು ತಂದು ನಮ್ಮೂರಿನ ಪೇಟೆ ಕಡೆ ಮೊಸರು ಕೊಡುವ ಹೆಂಗಸೊಬ್ಬರೂ ಬಂದು ಅತ್ತಿಗೆಯ ಪಕ್ಕದಲ್ಲೇ ಕೂತರು.

ಇಂಗ್ಲಿಷು ಬರಲೇ ಇಲ್ಲ. ಮೇಷ್ಟ್ರು ಅಚ್ಚಗನ್ನಡದ ಅಭಿಮಾನಿ. “ಬ್ರಾಂಡ್ ಎಂದರೆ ಹೆಸರಲ್ಲ, ಭರವಸೆ” ಎಂದರು. ಎಲ್ಲರೂ ತಲೆಯಾಡಿಸಿದೆವು. “ಗ್ರಾಹಕರ ವರ್ತನೆ ಬದಲಾಯಿಸದೆ ನಿಮ್ಮ ವ್ಯಾಪಾರ ಉಳಿಯೋದಿಲ್ಲ. ಧೈರ್ಯ ಮಾಡಿ. ಮೊದಲು ಗ್ರಾಹಕರ ವರ್ತನೆ ಬದಲಾಯಿಸಿ!” ಎಂದರು. ಯಾರೂ ತಲೆಯಾಡಿಸಲಿಲ್ಲ.

ನಾನು ಅದನ್ನು ನಡತೆ ಎಂದು ತಿಳಿದೆ. ಮೂವತ್ತು ವರ್ಷ ಸರ್ಕಾರಿ ಕಾಗದ ಓದಿದವನಿಗೆ ವರ್ತನೆ ಎಂದರೆ ದುರ್ವರ್ತನೆಯೇ. ಆದರೆ ಅರವತ್ತು ದಾಟಿದ ಗೃಹಿಣಿಯರ ನಡತೆಯನ್ನು ಮೊಸರು ಕೊಟ್ಟು ತಿದ್ದುವುದು ಹೇಗೆ ಎಂಬುದು ತಿಳಿಯದೆ, ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸುತ್ತ ಕೂತಿದ್ದೆ.

“ಏನಪ್ಪಾ, ವರ್ತ್ನೆ ಬದ್ಲಾಯ್ಸಿ ಅಂದ್ರಲ್ಲ ಮೇಷ್ಟ್ರು. ಆಯ್ತದಾ ಅದು?” ಎಂದರು ಅತ್ತಿಗೆ.

“ಕಷ್ಟ ಅತ್ತಿಗೆ. ಎಷ್ಟೋ ವರ್ಷದಿಂದ ಬಂದದ್ದು. ಸ್ವಲ್ಪ ಸ್ವಲ್ಪ ಬದಲಾಯಿಸಬಹುದೇನೋ.”

“ಸ್ವಲ್ಪ ಯಾಕೆ? ಮಾಡುದ್ರೆ ಒಂದೇ ಸಲಕ್ಕೆ ಮಾಡ್ಬುಡ್ಬೇಕು” ಎಂದು ಹಿಂದಿನ ಸೀಟಿನಿಂದ ಹುಲ್ಲಹಳ್ಳಿಯಾಕೆ ಬಾಯಿ ಹಾಕಿದರು.

“ಮನೆಯೋರು ಬೇಜಾರ್ ಮಾಡ್ಕಳಲ್ವಾ?”

“ಮಾಡ್ಕೊಳ್ಳಲಿ ಅತ್ತಿಗೆ. ಅವರ ಒಳ್ಳೇದಕ್ಕೇ ತಾನೇ” ಎಂದೆ ನಾನು, ಗಂಭೀರವಾಗಿ.

ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅತ್ತಿಗೆಯ ಬದಲು ಹುಲ್ಲಹಳ್ಳಿಯಾಕೆ ಕ್ಯಾನು ಹಿಡಿದು ನಿಂತಿದ್ದರು.

“ಇನ್ಮೇಲೆ ನಿಮ್ ಬೀದಿ ನಂದು ಸಾ. ಅಕ್ಕ ಪೇಟೆ ಕಡೆ ನಮ್ ಬೀದಿಗೆ ಓಗವ್ರೆ. ವರ್ತ್ನೆ ಬದ್ಲಾಯ್ಸ್ಕಂಡೊ.”

ನಾನು ಪಾತ್ರೆ ಚಾಚಿದೆ.

ಒಂಬತ್ತರ ಹೊತ್ತಿಗೆ ಬೀದಿಯ ಹೆಂಗಸರು ಬಂದರು. ಅತ್ತಿಗೆ ಊರಿನ ಆ ತುದಿಯಲ್ಲಿದ್ದುದರಿಂದ ಅಹವಾಲೆಲ್ಲ ನನಗೇ ಸಲ್ಲಿಕೆಯಾಯಿತು.

“ಏನ್ರೀ ಇದು, ನಮ್ಮನ್ನ ಯಾರಿಗೋ ಕೊಟ್ಬುಟ್ಟವ್ರಲ್ಲ ನಿಮ್ ಅತ್ಗೆ? ಕತ್ತಿನ್ ಅಗ್ಗ ಇಡ್ದು ಕೊಟ್ಬುಡಕ್ಕೆ ನಾವೇನ್ ದನಾನಾ?”

“ಹಾಗಲ್ಲಮ್ಮ, ನಿಮ್ಮ ವರ್ತನೆ ಬದಲಾಗಬೇಕು ಅಂತ ಮೈಸೂರಿನ ಮೇಷ್ಟ್ರು ಹೇಳಿದ್ದು.”

“ನಮ್ ವರ್ತ್ನೆಗೇನಾಗದೆ? ಅವ್ರ್ ಯಾವಾಗ ನೋಡುದ್ರು ನಮ್ ವರ್ತ್ನೆಯ?”

ಆಕೆ ಯಾವ ವರ್ತನೆಯ ಮಾತಾಡಿದರೋ ನನಗೆ ತಿಳಿಯಲಿಲ್ಲ. ನಾನು ಯಾವುದರ ಮಾತಾಡಿದೆನೋ, ಅದೂ ಆಗ ಅನುಮಾನಕ್ಕೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು ಮುಂದೆ ಬಂದರು. ಪ್ಯಾಕೆಟ್ ಮೊಸರಿಗೆ ಸರಿದಿದ್ದ ಎರಡು ಮನೆಗಳಲ್ಲಿ ಒಂದರ ಯಜಮಾನಿ.

“ನಾನು ಪ್ಯಾಕೆಟ್ ತತ್ತೀನಿ, ಬುಡ್ತೀನಿ, ಅದು ನನ್ನಿಷ್ಟ. ಅಂಗಂತ ನನ್ನ ಬೇರೆಯೋರಿಗೆ ಕೊಡಕ್ಕೆ ಅವ್ರ್ಯಾರು?”

ಬಿಟ್ಟುಹೋದವರನ್ನು ಬೇರೆಯವರಿಗೆ ಕೊಟ್ಟರೆ ಬಿಟ್ಟುಹೋದವರಿಗೆ ತಕರಾರು ಹೂಡುವ ಹಕ್ಕಿದೆಯೇ? ತಾಲ್ಲೂಕು ಕಚೇರಿಯಲ್ಲಿ ಇಂಥ ಪ್ರಕರಣ ನನ್ನ ಮೇಜಿಗೆ ಬಂದಿರಲಿಲ್ಲ.

ಸಂಜೆ ಅತ್ತಿಗೆ ಅಳುಮುಖದಲ್ಲಿ ಬಂದರು. ಪೇಟೆ ಕಡೆಯವರೂ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ನಮ್ಮಾಕೆ ಎಲ್ಲಿ ಎಂದಿದ್ದರಂತೆ. ಮೇಷ್ಟ್ರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು.

“ಅಯ್ಯೋ, ವರ್ತನೆ ಅಂದ್ರೆ ಬಿಹೇವಿಯರ್ ಅಮ್ಮಾ! ಬಿಹೇವಿಯರ್!”

“ಅದ್ನ ಅವತ್ತೇ ಇಂಗ್ಲಿಷ್ನಲ್ಲಿ ಯೋಳ್ಬಾರ್ದಾಗಿತ್ತಾ ಸಾ? ಅರ್ಥ ಆಗೋದು! ಕನ್ನಡ್ದಲ್ಲಿ ಯೋಳಿ ಇದ್ದ ಮನೆಗಳ್ನೆಲ್ಲ ಕಳುದ್ರಲ್ಲ!”

“ಈಗ ಗ್ರಾಹಕರು ಏನಂತಾರೆ?”

“ಬೈತಾವ್ರೆ. ಬುಟ್ಟೋಗಿದ್ದೋರೂ ಸೇರ್ಕಂಡು ಬೈತಾವ್ರೆ.”

ಮೇಷ್ಟ್ರು “ಗುಡ್” ಎಂದು ಫೋನಿಟ್ಟರು. ಯಾಕೆ ಗುಡ್ ಎಂದರೋ ನನಗೆ ಇಂದಿಗೂ ಸ್ಪಷ್ಟವಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಬೀದಿಗಳನ್ನು ವಾಪಸ್ ಮಾಡಿಕೊಂಡರು. ಅತ್ತಿಗೆ ಒಂದೊಂದು ಬಾಗಿಲಲ್ಲೂ ನಿಂತು ಬೈಸಿಕೊಂಡರು, ಬೈದವರು ಒಳಗಿನಿಂದ ಪಾತ್ರೆ ತಂದು ಹಿಡಿದರು. ಪ್ಯಾಕೆಟ್ಟಿನ ಎರಡು ಮನೆಯವರೂ ಬೈದರು, ಪಾತ್ರೆ ಹಿಡಿದರು. ಅದು ಕ್ಷಮೆಯೋ, ಜಗಳ ಮುಂದುವರಿಸಲು ದಿನಾ ಒಂದು ನೆಪವೋ, ನಾನು ಕೇಳಲು ಹೋಗಲಿಲ್ಲ.

ತೊಡಕು ಬಂದದ್ದು ನಮ್ಮ ಮನೆಯಲ್ಲಿ. ಆ ಒಂದು ದಿನದ ಹುಲ್ಲಹಳ್ಳಿ ಮೊಸರನ್ನು ನನ್ನ ಹೆಂಡತಿ ಚಮಚದಲ್ಲಿ ಎತ್ತಿ ನೋಡಿದ್ದಳು. ಅದು ಚಮಚದಿಂದ ಬಿದ್ದಿರಲಿಲ್ಲ.

“ಸಂಬಂಧ ಬೇರೆ ಅಕ್ಕಾ, ಮೊಸರು ಬೇರೆ” ಎಂದಳು ಅತ್ತಿಗೆಗೆ.

“ಮನೆಯವ್ಳೇ ಇಂಗಂದ್ರೆ ಬ್ರಾಂಡ್ ಉಳಿಯೋದೆಂಗೆ ಕಣವ್ವ?” ಎಂದು ಅತ್ತಿಗೆ ಹಣೆ ಚಚ್ಚಿಕೊಂಡರು.

ಹಸು ಮಾರಲಿಲ್ಲ. ಎರಡು ಬೀದಿಯ ಮನೆಗಳೆಲ್ಲ ಅತ್ತಿಗೆಯಲ್ಲೇ ವರ್ತನೆ ಇಟ್ಟುಕೊಂಡಿವೆ, ನಮ್ಮದೊಂದನ್ನು ಬಿಟ್ಟು.