ಕೋರಂ ಮುರಿದ ವಾರ

ನಮ್ಮ ಅವ್ವ ವಿರೋಧ ಪಕ್ಷದ ನಾಯಕಿ. ವಿಧಾನಸೌಧದಲ್ಲಲ್ಲ, ನಮ್ಮೂರಿನ ಮಹಿಳಾ ಹಾಲಿನ ಡೈರಿಯಲ್ಲಿ. ಮಾಗಡಿಯಿಂದ ರಾಮನಗರಕ್ಕೆ ಬರುವ ದಾರಿಯಲ್ಲಿ ಬಸ್ಸಿಳಿದು ಒಳಗೆ ಒಂದು ಮೈಲಿ ನಡೆದರೆ ನಮ್ಮೂರು ಸಿಗುತ್ತದೆ. ಡೈರಿಗೆ ಒಂಬತ್ತು ಜನ ನಿರ್ದೇಶಕಿಯರು. ಅಧ್ಯಕ್ಷೆಯೂ ಸೇರಿ ಐದು ಜನ ಆ ಕಡೆ, ಅವ್ವನೂ ಸೇರಿ ನಾಲ್ಕು ಜನ ಈ ಕಡೆ. ದೆಹಲಿಯಲ್ಲಿ ಯಾರ ಸರ್ಕಾರ ಇದೆ ಎಂದು ಕೇಳಿದರೆ ತಡವರಿಸುವವರೂ ನಮ್ಮೂರಲ್ಲಿ ಈ ಐದು ನಾಲ್ಕನ್ನು ಥಟ್ಟನೆ ಹೇಳುತ್ತಾರೆ.

ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಜಾಪ್ರಭುತ್ವದ ಪಾಠ ಮಾಡುವಾಗ ಒಂದು ಸಲ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಆಳೋರು ಒಳ್ಳೇ ಕೆಲ್ಸ ಮಾಡಕ್ಕೋದ್ರೆ ವಿರೋಧ ಪಕ್ಷದೋರು ಏನ್ಮಾಡ್ಬೇಕು?" ಎಂದಳು. ಬೆಂಬಲಿಸಬೇಕು, ಅದರಲ್ಲೇನಿದೆ, ಅಂದೆ. "ಆಳೋರು ಮೋಸಗಾರ್ರು ಅಂತ ಗೊತ್ತಿದ್ರೂವಾ?" ಎಂದಳು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಬೆಲ್ಲು ಹೊಡೆದದ್ದಕ್ಕೆ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ.

ಅಧ್ಯಕ್ಷೆಯನ್ನು ಅವ್ವ ನಂಬದಿರುವುದಕ್ಕೆ ಕಾರಣವಿತ್ತು. ನಮ್ಮ ಡೈರಿಯ ಮೀಟಿಂಗುಗಳಲ್ಲಿ ಬಹಳ ವರ್ಷಗಳಿಂದ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಮೊದಲು ಸಹಿ, ಆಮೇಲೆ ಬರಹ. ಹಾಲು ಕರೆದು ಹಾಕಿ ಒಲೆ ಹಚ್ಚುವ ಮಧ್ಯದ ಅರ್ಧ ಗಂಟೆಯಲ್ಲಿ ಹೆಂಗಸರು ಬರುತ್ತಿದ್ದರು. ನಿರ್ಣಯ ಬರೆದು ಮುಗಿಯುವ ತನಕ ಕೂರಲು ಯಾರಿಗೂ ಪುರುಸೊತ್ತಿಲ್ಲ. ಹೀಗಾಗಿ ಕಾರ್ಯದರ್ಶಿ ಹುಡುಗಿ ಪುಸ್ತಕ ಚಾಚುತ್ತಿದ್ದಳು, ಇವರೆಲ್ಲ ಖಾಲಿ ಹಾಳೆಯ ಬುಡದಲ್ಲಿ ಸಾಲಾಗಿ ಸಹಿ ಹಾಕಿ ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಓಡುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನಂಬಿಕೆ ಅಂದರೆ ಅದೇ ಅಂದುಕೊಂಡಿದ್ದರು, ಪಾಪ.

ಒಂದು ಬೆಳಿಗ್ಗೆ ಅವ್ವ ಹಾಲಿನ ಕ್ಯಾನು ಹಿಡಿದು ಹೋದರೆ ಶಾಲೆ ಪಕ್ಕದ ಹಳೇ ಕೋಣೆಗೆ ಬೀಗ. ತಕ್ಕಡಿ, ಟೆಸ್ಟಿಂಗ್ ಮಿಷನ್ನು, ಕ್ಯಾನುಗಳು ಎಲ್ಲವೂ ಅಧ್ಯಕ್ಷೆಯ ಮನೆ ಅಂಗಳದ ಶೆಡ್ಡಿಗೆ ಹೋಗಿ ಕೂತಿದ್ದವು. "ಯಾರವ್ವ ಒಪ್ಪಿದ್ದು ಇದ್ಕೆ?" ಎಂದು ಅವ್ವ ಆ ಅಂಗಳದಲ್ಲೇ ನಿಂತು ಗಂಟಲು ಏರಿಸಿದಳು. ಅಧ್ಯಕ್ಷೆ ಪುಸ್ತಕ ತೆಗೆದು ತೋರಿಸಿ, "ನೀನೇ ಕಣ್ ದೊಡ್ಡವ್ವ" ಅಂದಳು. ಹಾಳೆಯ ಬುಡದಲ್ಲಿ ಅವ್ವನ ಸಹಿ ಇತ್ತು, ಮೇಲೆ ಡೈರಿ ಸ್ಥಳಾಂತರದ ನಿರ್ಣಯವಿತ್ತು. ಆವತ್ತಿನಿಂದ ಹಾಲು ಹಾಕಬೇಕೆಂದರೆ ಅವಳ ಅಂಗಳದಲ್ಲಿ ನಿಲ್ಲಬೇಕಾಯಿತು. ಅವ್ವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಲ್ಲಿ.

ಆಗ ದೂರಿನ ಅರ್ಜಿ ಬರೆದುಕೊಟ್ಟವಳು ನಾನು. ಎರಡು ಪುಟ ಬರೆದೆ, ಬಹಳ ಸಂತೋಷದಿಂದ ಬರೆದೆ. ರಾಮನಗರದಿಂದ ಬಂದ ಅಧಿಕಾರಿ ಪುಸ್ತಕ ತಿರುವಿ ಹಾಕಿ, ಸಹಿಗಳೆಲ್ಲ ಅಸಲಿ, ಡೈರಿಯನ್ನು ವಾಪಸ್ ಕಳಿಸುವುದು ನನ್ನ ಕೈಲಿಲ್ಲ ಅಂದರು. ಆದರೆ ಇನ್ನು ಮುಂದೆ ಐದು ಜನ ಕೂತು, ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕದೆ ಡೈರಿಯ ಹೆಸರಲ್ಲಿ ಒಂದು ಕಾಗದವೂ ಹೊರಗೆ ಹೋಗಕೂಡದು ಎಂದು ಬರೆದಿಟ್ಟು ಹೋದರು. ಅವ್ವನ ಪಾಲಿಗೆ ಅದು ದೊಡ್ಡ ಗೆಲುವು. ಆ ಸಂಜೆ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು.

ಒಬ್ಬಟ್ಟು ತಿನ್ನಲು ಬಂದವರಲ್ಲಿ ಪಕ್ಕದ ಮನೆಯವಳೂ ಇದ್ದಳು. ಗಂಡ ತೀರಿಕೊಂಡು ಐದಾರು ವರ್ಷವಾಗಿತ್ತು. ಅವಳು ನಿರ್ದೇಶಕಿಯಲ್ಲ, ಏನೂ ಅಲ್ಲ, ಬರೀ ಒಂದು ಸೀಮೆ ಹಸು ಕಟ್ಟಿಕೊಂಡಿದ್ದವಳು. ಅವಳ ಸಂಸಾರ, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲವೂ ಆ ಹಸುವಿನ ಕೆಚ್ಚಲ ಮೇಲೆ ನಿಂತಿತ್ತು. ಡೈರಿ ಜಗಳದಲ್ಲಿ ಅಧ್ಯಕ್ಷೆಯ ಅಂಗಳದಲ್ಲೇ ಅವ್ವನ ಪಕ್ಕ ಬಂದು ನಿಂತವಳು ಅವಳೊಬ್ಬಳು. "ನಮ್ಮಕ್ಕ ಏನಂದ್ರೆ ಅದೇಯ" ಎನ್ನುವುದು ಅವಳ ರಾಜಕೀಯ ಸಿದ್ಧಾಂತ.

ದಸರಾ ರಜೆಗೆ ನಾನು ಊರಿಗೆ ಬಂದಿದ್ದಾಗ ಸುತ್ತಮುತ್ತ ಹಸುಗಳಿಗೆ ಚರ್ಮಗಂಟು ರೋಗ ಶುರುವಾಯಿತು. ಮೈತುಂಬ ಗೋಲಿಯಂಥ ಗಂಟು, ಜ್ವರ, ಕಾಲು ಊತ, ಮೇವು ಮುಟ್ಟುವುದಿಲ್ಲ. ಲಸಿಕೆ ಸಾಲದೆ ಇದ್ದುದರಿಂದ ದನದ ಡಾಕ್ಟರು ಮನೆಮನೆಗೆ ತಿರುಗುವಂತಿರಲಿಲ್ಲ. ಡೈರಿಯವರು ಒಂದು ದಿನ, ಒಂದು ಜಾಗ ಗೊತ್ತುಮಾಡಿ, ಇಷ್ಟು ದನ ಸೇರಿಸುತ್ತೇವೆ ಎಂದು ಪತ್ರ ಕೊಟ್ಟರೆ ಬಂದು ಹಾಕಿ ಹೋಗುತ್ತೇನೆ ಅಂದರು. ಪತ್ರ ಹೋಗಬೇಕಾದರೆ ಮೀಟಿಂಗ್ ಆಗಬೇಕು. ಮೀಟಿಂಗ್ ಆಗಬೇಕಾದರೆ ಐದು ಜನ ಬೇಕು. ಅಧ್ಯಕ್ಷೆಯ ಕಡೆಯ ಒಬ್ಬಳು ಮಗಳ ಹೆರಿಗೆಗೆಂದು ಕನಕಪುರಕ್ಕೆ ಹೋಗಿ ಕೂತಿದ್ದಳು. ಅಲ್ಲಿಗೆ ಅವರು ನಾಲ್ಕೇ ಜನ. ನಮ್ಮ ಕಡೆಯಿಂದ ಒಬ್ಬರು ಹೋಗದಿದ್ದರೆ ಕೋರಂ ಇಲ್ಲ.

ಮೀಟಿಂಗಿನ ಹಿಂದಿನ ಸಂಜೆ ಅವ್ವ ಹುಲ್ಲಿನ ಹೊರೆ ಇಳಿಸಿ ಬಂದು ನನ್ನ ಮುಂದೆ ಕೂತಳು. "ಏನ್ಮಾಡನವ್ವ? ಹೋಗ್ಲಾ, ಬ್ಯಾಡ್ವಾ?"

"ನಿಂಗೇನನ್ನಿಸ್ತದೆ?"

"ಹಸಗಳ ಇಚಾರ, ಹೋಗ್ಬೇಕು ಅನ್ನುಸ್ತದೆ. ಆದ್ರೆ ಅವ್ಳು ದನ ಎಲ್ಲಾ ಅವ್ಳ ಅಂಗಳಕ್ಕೇ ಹೊಡ್ಕೊಂಡ್ ಬನ್ನಿ ಅಂದ್ರೂ ಅಂದಾಳು. ನಾಳೀಕೆ ಅದ್ನೇ ತೋರ್ಸಿ, ನೋಡಿ, ಊರ್ಗೂರೇ ನಮ್ಮಂಗಳ ಒಪ್ಕೊಂಡೈತೆ ಅಂದ್ಬುಟ್ರೆ?"

ಆಗ ನಾನು ಕೊಟ್ಟ ಉತ್ತರ ಅಕ್ಷರ ಅಕ್ಷರವೂ ನೆನಪಿದೆ. "ಹೋಗ್ಬೇಡ. ನಿಮ್ಮ ಕೈಲಿರೋದು ಕೋರಂ ಒಂದೇ. ಈಗ ಅವಳಿಗೆ ನೀವು ಬೇಕು. ಡೈರಿ ಹಳೇ ಕೋಣೆಗೆ ವಾಪಸ್ ಹೋಗ್ತದೆ ಅಂತ ಮೊದ್ಲು ಬರೀಲಿ, ಆಮೇಲೆ ಹೋಗಿ ಕೂತ್ಕೊಳಿ." ಅವ್ವ ನನ್ನನ್ನೇ ನೋಡಿದಳು. ಓದಿದ ಮಗಳ ಮಾತಿಗೆ ಅವಳು ಯಾವತ್ತೂ ಒಂದು ಗುಂಜಿ ಜಾಸ್ತಿಯೇ ತೂಕ ಕೊಡುತ್ತಿದ್ದಳು. ನಾನಂತೂ ಆ ಹೊತ್ತಿನಲ್ಲಿ ಯಾವುದೋ ದೊಡ್ಡ ಪಕ್ಷಕ್ಕೆ ಸಲಹೆಗಾರ್ತಿಯಾದ ಹಾಗೆ ಬೀಗಿದೆ.

ಮಾರನೇ ದಿನ ಅವರು ನಾಲ್ವರು ಅಲ್ಲಿ ಕೂತರು, ನಮ್ಮ ನಾಲ್ವರು ನಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಾ ಕೂತರು. ಒಂದು ಗಂಟೆ ಕಾದ ಮೇಲೆ ಅಧ್ಯಕ್ಷೆಯೇ ನಮ್ಮ ಬಾಗಿಲಿಗೆ ಬಂದಳು. ಜಗಳವಾದಮೇಲೆ ಅವಳು ನಮ್ಮ ಮನೆ ಮೆಟ್ಟಿಲ ಹತ್ತಿರ ಬಂದದ್ದು ಅದೇ ಮೊದಲು.

"ದೊಡ್ಡವ್ವ, ಜಗ್ಳ ಜಗ್ಳದ ಪಾಡಿಗಿರ್ಲಿ. ಒಂದ್ಗಳ್ಗೆ ಬಂದ್ ಹೋಗು."

"ಡೈರಿ ಹಳೇ ಜಾಗಕ್ಕೆ ಹೋಯ್ತದೆ ಅಂತ ಬರ್ಕೊಂಡ್ ಬಾ, ಬತ್ತೀನಿ."

"ಹಸ ಸಾಯೋ ಹೊತ್ನಲ್ಲಿ ಜಾಗದ ಮಾತಾಡ್ತಿಯಲ್ಲ!" ಎಂದು ಅವಳು ಸರಕ್ಕನೆ ತಿರುಗಿ ಹೋದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಕೆಂಪಾಗಿತ್ತು. ಅದು ನಿಜವಾದ ಸಂಕಟವೋ, ಹೊಗೆಯೋ, ನಾಟಕವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಒಬ್ಬಳ ಮೇಲೆ ಒಂದು ಸಲ ಅನುಮಾನ ಕೂತುಬಿಟ್ಟರೆ ಅವಳ ಅಳುವನ್ನೂ ಪರೀಕ್ಷೆಗೆ ಹಚ್ಚಬೇಕಾಗುತ್ತದೆ, ಅದೊಂದು ಕೆಟ್ಟ ಕೆಲಸ. ಆದರೆ ಆವತ್ತು ನಾನು ಅದನ್ನು ಬಹಳ ಕುತೂಹಲದಿಂದಲೇ ಮಾಡಿದೆ. ಜಗುಲಿಯ ಮೇಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ.

ಪತ್ರ ಹೋಗಲಿಲ್ಲ. ಡಾಕ್ಟರು ನಮ್ಮೂರನ್ನು ಬಿಟ್ಟು ಪಕ್ಕದೂರಿಗೆ ಹೋದರು.

ಎಂಟನೇ ದಿನ ಬೆಳಿಗ್ಗೆ ಪಕ್ಕದ ಮನೆಯವಳು ಅವ್ವನನ್ನು ಕೂಗಿದಳು. ಹಸುವಿನ ಕತ್ತಿನ ಮೇಲೆ ನಾಲ್ಕು ಗಂಟು ಎದ್ದಿದ್ದವು. ಮಧ್ಯಾಹ್ನಕ್ಕೆ ಲೆಕ್ಕಕ್ಕೆ ಸಿಗದಷ್ಟಾದವು. ಅವ್ವ ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಹಾಕಿ ಅರೆದು ತಿನ್ನಿಸಿದಳು, ಬೇವಿನ ಸೊಪ್ಪು ಅರಿಶಿನ ಬೆರೆಸಿ ಮೈಗೆ ಹಚ್ಚಿದಳು. ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಹಾಕಿಸಿದ್ದೂ ಆಯಿತು. ಆ ಎರಡು ದಿನ ಅವ್ವ ನಮ್ಮ ಕೊಟ್ಟಿಗೆಗಿಂತ ಅವಳ ಕೊಟ್ಟಿಗೆಯಲ್ಲೇ ಹೆಚ್ಚು ಇದ್ದಳು.

ಮೂರನೇ ದಿನ ಅವ್ವ ತಲೆ ಬಾಚಿಕೊಂಡು, "ನಡಿಯೇ, ನೀನೂ ಬಾ, ಓದಕ್ಕೆ" ಅಂದಳು. ಯಾರನ್ನೂ ಕೇಳದೆ ಸೀದಾ ಅಧ್ಯಕ್ಷೆಯ ಅಂಗಳಕ್ಕೆ ನಡೆದಳು. ಇವಳನ್ನು ಕಂಡು ಅಧ್ಯಕ್ಷೆ ಚಾಪೆ ಹಾಸಿದಳು. ಉಳಿದ ಮೂವರನ್ನು ಕರೆಸಿದರು. "ಬರ್ದ್ಬುಟ್ಟು ಓದಿ, ಆಮೇಲ್ ಸೈನು" ಎಂದು ಅವ್ವ ಗೋಡೆಗೆ ಒರಗಿ ಕೂತಳು. ಕಾರ್ಯದರ್ಶಿ ಹುಡುಗಿ, "ಬರ್ದಿರೋದು ಹೋದ್ ಸಲದ್ದೇ ಐತೆ, ತಾರೀಕು ಒಂದ್ ಬದ್ಲಾಯ್ಸಿದ್ರೆ ಆಯ್ತು" ಎಂದು ಒಂದು ಹಾಳೆ ಕೊಟ್ಟಳು. ಹೋದ ಸಲ ನಾವು ಜಗುಲಿಯ ಮೇಲೆ ನಗುತ್ತಿದ್ದಾಗ ಇಲ್ಲಿ ಕಾಯುತ್ತಿದ್ದ ಹಾಳೆ ಅದು.

ನಾನು ಗಟ್ಟಿಯಾಗಿ ಓದಿದೆ. ದನಗಳನ್ನು ಸೇರಿಸುವ ಜಾಗ: ಶಾಲೆಯ ಮೈದಾನ.

ಅವ್ವ "ಇನ್ನೊಂದ್ಸಲ ಓದು" ಅಂದಳು. ಇನ್ನೊಂದು ಸಲ ಓದಿದೆ. ಶಾಲೆಯ ಮೈದಾನವೇ. ಅಧ್ಯಕ್ಷೆಯ ಅಂಗಳದ ಹೆಸರೇ ಅದರಲ್ಲಿ ಇರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಆದರೂ ನನ್ನ ತಲೆ ಸುಮ್ಮನಿರಲಿಲ್ಲ: ಈ ಒಂದು ಹಾಳೆಯಿಂದ ಇವಳು ಒಳ್ಳೆಯವಳಾಗಿಬಿಟ್ಟಳೇ? ಡೈರಿ ಇನ್ನೂ ಇವಳ ಶೆಡ್ಡಿನಲ್ಲೇ ಇದೆ, ಕ್ಯಾನುಗಳು ನನ್ನ ಕಣ್ಣ ಮುಂದೆಯೇ ಇವೆ. ಮೋಸ ಮಾಡಿದವಳೂ ಇವಳೇ, ಈ ಹಾಳೆ ಬರೆಸಿದವಳೂ ಇವಳೇ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ. ಅವ್ವನಿಂದ ಆಯಿತು ಅನ್ನಿಸುತ್ತದೆ. ಅವಳು ಪೆನ್ನು ತೆಗೆದುಕೊಂಡು, ಕೊನೆಯ ಸಾಲಿಗೆ ಅಂಟಿಕೊಂಡ ಹಾಗೆ, ಒಂದು ಅಕ್ಷರವೂ ನುಸುಳದಂತೆ ಸಹಿ ಹಾಕಿದಳು. "ಡೈರಿ ಜಾಗದ ಮಾತು ನಾನ್ ಬುಟ್ಟಿಲ್ಲ, ತಿಳ್ಕೊ" ಎಂದು ಎದ್ದಳು. "ಬುಡು ಅಂತ ನಾನ್ ಹೇಳ್ಲೂ ಇಲ್ಲ ದೊಡ್ಡವ್ವ" ಅಂದಳು ಅಧ್ಯಕ್ಷೆ.

ಎರಡು ದಿನ ಬಿಟ್ಟು ಶಾಲೆಯ ಮೈದಾನದಲ್ಲಿ ಎರಡೂ ಕಡೆಯ ಹಸುಗಳು ಒಂದೇ ಸಾಲಿನಲ್ಲಿ ನಿಂತು ಸೂಜಿ ಚುಚ್ಚಿಸಿಕೊಂಡವು. ಪಕ್ಕದ ಮನೆಯವಳ ಹಸು ಮಾತ್ರ ಬರಲಿಲ್ಲ. ಅದಕ್ಕೆ ಏಳಲು ಆಗುತ್ತಿರಲಿಲ್ಲ. ನಾನು ಡಾಕ್ಟರನ್ನು ಪಕ್ಕಕ್ಕೆ ಕರೆದು, ಹೋದ ಸಲವೇ ಲಸಿಕೆ ಹಾಕಿದ್ದರೆ ಅದು ಉಳಿಯುತ್ತಿತ್ತಾ ಎಂದು ಕೇಳಿದೆ. "ಲಸಿಕೆ ಮೈಗೆ ಹಿಡಿಯೋಕೇ ಎರಡು ಮೂರು ವಾರ ಬೇಕು ಮೇಡಂ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು. ಹೇಳೋಕಾಗಲ್ಲ" ಅಂದರು. ಆ "ಹೇಳೋಕಾಗಲ್ಲ" ಎನ್ನುವುದನ್ನು ಬಿಗಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಅವ್ವನಿಗೆ ಎರಡು ಸಲ ಹೇಳಿದೆ.

ಮಾರನೇ ಬೆಳಿಗ್ಗೆ ಹಸು ಸತ್ತಿತು. ಊರಿನ ಗಂಡಸರು ಪಕ್ಕದ ಮನೆಯವಳ ಹೊಲದ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಉಪ್ಪು ಸುರಿದು ಹೂಳಿದರು. ಸುಣ್ಣದ ಚೀಲ ಅಧ್ಯಕ್ಷೆಯ ಮನೆಯಿಂದ ಬಂದಿತ್ತು. ಎಲ್ಲರೂ ಹೋದಮೇಲೆ ಪಕ್ಕದ ಮನೆಯ ಮುಂದೆ ನಾವು ಮೂವರೇ ಉಳಿದೆವು, ಆ ಮನೆಯವಳು, ಅವ್ವ, ನಾನು. ಅವಳು ಅಳುತ್ತಿರಲಿಲ್ಲ, ಖಾಲಿ ಗೂಟದಿಂದ ಹಗ್ಗ ಬಿಚ್ಚುತ್ತಿದ್ದಳು. ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಅವ್ವನೇ ಬಾಯಿ ಬಿಟ್ಟಳು. "ಆವತ್ತೇ ನಾನು ಹೋಗ್ಬೇಕಾಗಿತ್ತು ಕಣೇ. ಆದ್ರೆ ಅವ್ಳನ್ನ ಹೆಂಗ್ ನಂಬೋದು, ನೀನೇ ಹೇಳು."

ಅವಳು ಹಗ್ಗ ಸುತ್ತಿ ಪಕ್ಕಕ್ಕಿಟ್ಟು ಅವ್ವನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ಳನ್ನ ನಾನೂ ನಂಬಿರ್ನಿಲ್ಲ ಕಣಕ್ಕ. ನಾನ್ ನಂಬಿದ್ದು ನಿನ್ನ."

ಅವ್ವ ತಲೆ ತಗ್ಗಿಸಿದಳು. ಈಗ ಹೇಳುತ್ತಾಳೆ, ಹೋಗಬೇಡ ಅಂದಿದ್ದು ಇವಳು, ನನ್ನ ಮಗಳು, ಎಂದು ನನ್ನ ಕಡೆ ಕೈ ತೋರಿಸುತ್ತಾಳೆ ಎಂದು ನಾನು ಕಾದೆ. ತೋರಿಸಿದರೆ ಒಳ್ಳೆಯದು ಅಂತಲೂ ಅನ್ನಿಸಿತು. ಅವ್ವ ನನ್ನ ಕಡೆ ನೋಡಲೂ ಇಲ್ಲ. "ತಪ್ಪಾಯ್ತು ಕಣವ್ವ, ನಂದೇ ತಪ್ಪು" ಅಂದಳು.

ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆಯಲಿಲ್ಲ.